ಹಿತ್ತಲೇ ಇಲ್ಲದ ಮನೆ: ವಿಕ್ಟೋರಿಯಾ ಕಾಲದವರು ಇದರಲ್ಲಿ ಹೇಗೆ ಬದುಕಿದರು?

ಕುಮುದ್ವತಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಂಪು ಇಟ್ಟಿಗೆಯ ಪುಟ್ಟ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. 1890ರ ದಶಕದಲ್ಲಿ ಕಟ್ಟಿದ್ದಂತೆ. ಮುಂಬಾಗಿಲು ನೇರವಾಗಿ ಬೀದಿಗೆ ತೆರೆದುಕೊಳ್ಳುತ್ತದೆ, ಹಿಂಬಾಗಿಲು ಎಂಬುದೇ ಇಲ್ಲ. ಹಿತ್ತಲಿನ ಮಾತು ಹಾಗಿರಲಿ, ಹಿಂದಿನ ಗೋಡೆಗೆ ಒಂದು ಕಿಟಕಿಯೂ ಇಲ್ಲ. ಮಹಡಿಯ ಮಲಗುವ ಕೋಣೆಯಲ್ಲಿ ಒಂದು ಅಡಿಯಷ್ಟೇ ಅಗಲದ ಅಗ್ಗಿಷ್ಟಿಕೆ ಇದೆ. ನೆಲಮಾಳಿಗೆಯಲ್ಲಿ ಸೊಂಟದೆತ್ತರದ ಕಲ್ಲುಚಪ್ಪಡಿಯ ಕಟ್ಟೆ, ಅದರ ಪಕ್ಕದಲ್ಲಿ ಬೀದಿಯ ಮಟ್ಟಕ್ಕೆ ಏರುವ ಇಳಿಜಾರು ಕಿಂಡಿ, ಅದಕ್ಕೊಂದು ಕಬ್ಬಿಣದ ಮುಚ್ಚಳ.

ಟಿವಿ ಧಾರಾವಾಹಿಗಳಲ್ಲಿ ನೋಡಿದ ವಿಕ್ಟೋರಿಯಾ ಕಾಲದ ಮನೆ ಎಂದರೆ ಬೆಳ್ಳಿಯ ಚಹಾಪಾತ್ರೆ, ಮಖಮಲ್ಲಿನ ಪರದೆ, ಪಿಯಾನೋ. ಇಲ್ಲಿ ಪಿಯಾನೋ ಒಳಗೆ ಬರುವುದಕ್ಕೆ ಬಾಗಿಲೇ ಸಾಲದು. ಈ ಮನೆಯಲ್ಲಿದ್ದವರು ಯಾರು, ಇಡೀ ದಿನ ಏನು ಮಾಡುತ್ತಿದ್ದರು? ತಿಳಿದವರು ಹೇಳಿ. ಇನ್ನೊಂದು ವಿಷಯ: ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತಿದೆ. ಮಾಲೀಕರು ಒಂದು ಡಬ್ಬಿ ಬಣ್ಣ ತಂದುಕೊಟ್ಟು ಹೋಗಿದ್ದಾರೆ.

ಗಾರೆಕಾರ

ಬಣ್ಣ ಬಳಿಯಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮದು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ ಮನೆ. ನಿಮ್ಮ ಹಿಂದಿನ ಗೋಡೆ ಆಚೆ ಬೀದಿಯವರಿಗೂ ಹಿಂದಿನ ಗೋಡೆಯೇ. ಎಡಕ್ಕೊಂದು ಮನೆ, ಬಲಕ್ಕೊಂದು ಮನೆ, ಹಿಂದಕ್ಕೊಂದು ಮನೆ. ಗಾಳಿ ಬೆಳಕಿಗೆ ಇರುವುದು ಮುಂದಿನ ಒಂದೇ ಗೋಡೆ. ಗಿರಣಿಗಳಿಗೆ ಹಳ್ಳಿಗಳಿಂದ ಜನ ನುಗ್ಗಿ ಬಂದಾಗ ಕಡಿಮೆ ಜಾಗ, ಕಡಿಮೆ ಇಟ್ಟಿಗೆ, ಕಡಿಮೆ ಹಣದಲ್ಲಿ ಹೆಚ್ಚು ಮನೆ ಎಬ್ಬಿಸಲು ಕಂತ್ರಾಟುದಾರರು ಹಿಡಿದ ದಾರಿ ಇದು. ಬರ್ಮಿಂಗ್ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ಗಳಲ್ಲಿ ಸಾವಿರಾರು ಇದ್ದವು. 1909ರ ಕಾನೂನು ಇಂಥ ಮನೆ ಕಟ್ಟುವುದನ್ನು ನಿಷೇಧಿಸಿತು. ಆದರೂ ಮೊದಲೇ ಒಪ್ಪಿಗೆ ಪಡೆದ ನಕ್ಷೆಗಳನ್ನು ಮುಂದಿಟ್ಟುಕೊಂಡು ಲೀಡ್ಸ್ ನಗರ 1937ರವರೆಗೂ ಕಟ್ಟುತ್ತಲೇ ಹೋಯಿತು. ಹಟ ಎಂದರೆ ಅದು.

1866ರ ಸ್ಥಳೀಯ ಕಾಯಿದೆಯ ಪ್ರಕಾರ ಲೀಡ್ಸ್‌ನಲ್ಲಿ ಒಂದು ಗುಂಪಿಗೆ ಎಂಟೇ ಮನೆ. ಎರಡು ಗುಂಪುಗಳ ನಡುವೆ ಅಂಗಳ, ಅಂಗಳದಲ್ಲಿ ಶೌಚಾಲಯ. ಚಳಿಗಾಲದ ರಾತ್ರಿ ಕಂದೀಲು ಹಿಡಿದು ಬೀದಿಗೆ ಇಳಿದು, ನಾಲ್ಕು ಮನೆ ದಾಟಿ ಹೋಗಬೇಕಿತ್ತು. ಮಂಚದ ಕೆಳಗೆ ಪಿಂಗಾಣಿಯ ಪಾತ್ರೆ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಶತಮಾನದ ಕೊನೆಗೆ ಕಟ್ಟಿದ ಮನೆಗಳಲ್ಲಿ ಸ್ಥಿತಿ ಸುಧಾರಿಸಿತು, ನಿಮ್ಮದು ಆ ಬಗೆಯದಿರಬಹುದು. ಬರ್ಮಿಂಗ್ಹ್ಯಾಮ್‌ನಲ್ಲಿ ಇಂಥ ಮನೆಗಳ ಒಂದು ಅಂಗಳವನ್ನು ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಉಳಿಸಿಕೊಂಡಿದೆ, ಬಿಡುವಾದಾಗ ಹೋಗಿ ನೋಡಿ.

ಕಬ್ಬಿಣದ ಮುಚ್ಚಳ ಕಲ್ಲಿದ್ದಲಿನದು. ಇದ್ದಲು ಮಾರುವವನು ಬೀದಿಯಿಂದಲೇ ಮೂಟೆ ಸುರಿದು ಹೋಗುತ್ತಿದ್ದ, ಅವನ ಕಾಲಿನ ಮಸಿ ಮನೆಯೊಳಗೆ ಬರುತ್ತಿರಲಿಲ್ಲ. ಕಲ್ಲುಚಪ್ಪಡಿಯ ಕಟ್ಟೆಯೇ ಆ ಕಾಲದ ಫ್ರಿಜ್. ಹಾಲು, ಬೆಣ್ಣೆ, ಮಾಂಸ ಎಲ್ಲ ಅದರ ಮೇಲೆ.

ಬೂದಿಮುಚ್ಚಿದ ಕೆಂಡ

ಗಾರೆಕಾರರು ಗೋಡೆಯ ಕಥೆ ಹೇಳಿದರು, ನಾನು ಮೆಟ್ಟಿಲಿನ ಕಥೆ ಹೇಳುತ್ತೇನೆ. ವಿಕ್ಟೋರಿಯಾ ಕಾಲದ ಮನೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಪೀಠೋಪಕರಣ ನೋಡಬೇಡಿ. ಏನನ್ನು ಯಾರು ಎಷ್ಟು ಮೆಟ್ಟಿಲು ಹೊತ್ತರು ಎಂದು ಕೇಳಿ.

ಒಂದು ಮಧ್ಯಮ ವರ್ಗದ ಮನೆ ತೆಗೆದುಕೊಳ್ಳೋಣ. ನೆಲಮಾಳಿಗೆಯಲ್ಲಿ ಅಡುಗೆಮನೆ, ಅದರ ಮೇಲೆ ಊಟದ ಕೋಣೆ, ಅದಕ್ಕೂ ಮೇಲೆ ಬೈಠಕ್ ಖಾನೆ, ಇನ್ನೂ ಮೇಲೆ ಮಲಗುವ ಕೋಣೆಗಳು, ತುದಿಯ ಅಟ್ಟದಲ್ಲಿ ಕೆಲಸದಾಕೆಯ ಮಂಚ. ಪ್ರತಿ ಕೋಣೆಗೂ ಅಗ್ಗಿಷ್ಟಿಕೆ. ಉರಿಯುವ ಪ್ರತಿಯೊಂದು ಅಗ್ಗಿಷ್ಟಿಕೆಗೂ ಕಲ್ಲಿದ್ದಲು ಮೇಲೆ ಹೋಗಬೇಕು, ಬೂದಿ ಕೆಳಗೆ ಬರಬೇಕು. ಮುಖ ತೊಳೆಯುವ ಬಿಸಿನೀರು ಹೂಜಿಯಲ್ಲಿ ಮೇಲೆ, ತೊಳೆದ ನೀರು ಬಕೆಟ್ಟಿನಲ್ಲಿ ಕೆಳಗೆ. ರಾತ್ರಿಯ ಪಾತ್ರೆಯೂ ಕೆಳಗೆ. ಒಂದು ಗ್ಯಾಲನ್ ನೀರು ಎಂದರೆ ನಾಲ್ಕೂವರೆ ಕಿಲೋ. ಯಜಮಾನನಿಗೆ ಅಗ್ಗಿಷ್ಟಿಕೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಸ್ನಾನವಾಗಬೇಕೆಂದರೆ ಎಷ್ಟು ಸಲ ಹತ್ತಿ ಇಳಿಯಬೇಕೋ ನೀವೇ ಲೆಕ್ಕ ಹಾಕಿ.

ಬೆಳಗಿನ ಮೊದಲ ಕೆಲಸ ಒಲೆ. ಎರಕದ ಕಬ್ಬಿಣದ ದೊಡ್ಡ ಒಲೆಯಿಂದ ನಿನ್ನೆಯ ಬೂದಿ ತೆಗೆದು, ಅರೆಬೆಂದ ಇದ್ದಲನ್ನು ಜರಡಿ ಹಿಡಿದು ಉಳಿಸಿಕೊಂಡು, ಹೊಗೆದಾರಿಗಳ ಇಲ್ಲಣ ಗುಡಿಸಿ, ಆಮೇಲೆ ಗ್ರಾಫೈಟ್ ಪುಡಿಯನ್ನು ನೀರಿನಲ್ಲಿ ಕಲಸಿ ಬ್ರಷ್ಷಿನಿಂದ ಹಚ್ಚಿ, ಇನ್ನೊಂದು ಬ್ರಷ್ಷಿನಿಂದ ಉಜ್ಜಿ ಹೊಳಪು ತರಬೇಕು. ಹಚ್ಚದಿದ್ದರೆ ತುಕ್ಕು. ಇಷ್ಟೆಲ್ಲ ಆಗುವ ತನಕ ಮನೆಯಲ್ಲಿ ಯಾರಿಗೂ ಬಿಸಿ ಚಹಾ ಇಲ್ಲ. ಚಹಾ ಆದ ಮೇಲೆ ಅದರ ಚರಟವನ್ನೂ ಎಸೆಯುವಂತಿಲ್ಲ. ಒದ್ದೆ ಸೊಪ್ಪನ್ನು ಜಮಖಾನೆಯ ಮೇಲೆ ಚೆಲ್ಲಿ ಗುಡಿಸಿದರೆ ಧೂಳು ಏಳದೆ ಅದಕ್ಕೆ ಅಂಟಿಕೊಂಡು ಬರುತ್ತದೆ.

ಇದೆಲ್ಲ ನಮಗೆ ತಿಳಿದದ್ದು ಯಜಮಾನತಿಯರ ಕೈಪಿಡಿಗಳಿಂದ ಮಾತ್ರವಲ್ಲ. ಹ್ಯಾನಾ ಕಲ್ವಿಕ್ ಎಂಬ ಕೆಲಸದಾಕೆ ಸ್ವತಃ ದಿನಚರಿ ಬರೆದಿಟ್ಟಿದ್ದಾಳೆ. 1833ರಲ್ಲಿ ಶ್ರಾಪ್‌ಷೈರ್‌ನಲ್ಲಿ ಹುಟ್ಟಿದವಳು, ಎಂಟನೆಯ ವಯಸ್ಸಿಗೇ ದುಡಿಮೆಗೆ ಸೇರಿದವಳು. ಎಷ್ಟು ಜೊತೆ ಬೂಟು ಒರೆಸಿದೆ, ಯಾವ ಮೆಟ್ಟಿಲನ್ನು ಮಂಡಿಯೂರಿ ಉಜ್ಜಿದೆ, ಎಷ್ಟು ಹೊತ್ತಿಗೆ ಮಲಗಿದೆ ಎಂಬುದೆಲ್ಲ ಅದರಲ್ಲಿದೆ. ಆರ್ಥರ್ ಮನ್‌ಬಿ ಎಂಬ ಮೇಲ್ವರ್ಗದ ಕವಿ, ವಕೀಲ, ಅವಳಿಂದ ಅದನ್ನು ಬರೆಸಿದ. 1873ರಲ್ಲಿ ಗುಟ್ಟಾಗಿ ಅವಳನ್ನು ಮದುವೆಯೂ ಆದ. ಆದರೆ ಆ ಮದುವೆಯನ್ನು ಲೋಕದ ಮುಂದೆ ಹೇಳಿಕೊಳ್ಳಲಿಲ್ಲ. ಬಂದವರ ಕಣ್ಣಿಗೆ ಅವಳು ಮನೆಗೆಲಸದವಳೇ.

ಓದುಗಮಿತ್ರ

ಕೆಂಡದವರ ಮಾತಿಗೆ ಒಂದು ಉಪಕಥೆ. ಲಂಡನ್ನಿನ ಚೆಲ್ಸಿಯಲ್ಲಿ ಲೇಖಕ ಥಾಮಸ್ ಕಾರ್ಲೈಲ್ ದಂಪತಿ 1834ರಿಂದ ಇದ್ದ ಮನೆ ಈಗ ವಸ್ತುಸಂಗ್ರಹಾಲಯ. ಪಕ್ಕದ ಮನೆಯ ಹುಂಜಗಳ ಕೂಗು, ಪಿಯಾನೋ ಸದ್ದು ತಾಳಲಾರದೆ 1853ರಲ್ಲಿ ಆತ ಅಟ್ಟದ ಮೇಲೆ ಸದ್ದು ಬಾರದ ಓದುಕೋಣೆ ಕಟ್ಟಿಸಲು ಹೊರಟ. ಜೋಡಿ ಗೋಡೆ, ಬೆಳಕಿಗೆ ಮೇಲ್ಛಾವಣಿಯಲ್ಲಿ ಗಾಜು. ಮುಗಿದಾಗ ನೋಡಿದರೆ ಅಲ್ಲಿಗೇ ಸದ್ದು ಹೆಚ್ಚು. ಊರಿನ ದೂರದ ಗಲಾಟೆಯೂ ನದಿಯ ಕಡೆಯ ಸದ್ದೂ ಮೇಲಿನಿಂದ ಇಳಿದು ಬರುತ್ತಿದ್ದವು.

ಇದು ಎಲ್ಲರೂ ನಗುತ್ತ ಹೇಳುವ ಕಥೆ. ಹೇಳದ ಕಥೆ ನೆಲಮಾಳಿಗೆಯದು. ಅಲ್ಲಿ ಕೆಲಸದ ಹುಡುಗಿ ಮಲಗುತ್ತಿದ್ದದ್ದು ಅಡುಗೆಮನೆಯಲ್ಲೇ. ರಾತ್ರಿ ಕಾರ್ಲೈಲ್ ಅಡುಗೆಮನೆಯ ಒಲೆಯ ಮುಂದೆ ಕುಳಿತು ಚಿಲುಮೆ ಸೇದುತ್ತಿದ್ದ, ಹೊಗೆ ಚಿಮಣಿಯಲ್ಲಿ ಹೋಗಲಿ ಎಂದು. ಕವಿ ಟೆನಿಸನ್ ಬಂದರೆ ಮಾತು ಇನ್ನೂ ಉದ್ದ. ಅವರು ಏಳುವವರೆಗೆ ಆ ಹುಡುಗಿ ಪಾತ್ರೆ ತೊಳೆಯುವ ಹಿಂದಿನ ಕೋಣೆಯಲ್ಲಿ ನಿದ್ದೆ ತೂಗುತ್ತ ಕಾಯಬೇಕು. ಮೂರು ದಶಕಗಳಲ್ಲಿ ಅವನ ಹೆಂಡತಿ ಜೇನ್ ಕಾರ್ಲೈಲ್ ಮೂವತ್ತಕ್ಕೂ ಹೆಚ್ಚು ಕೆಲಸದವರನ್ನು ಕಂಡಳು. ಅವಳ ಪತ್ರಗಳಲ್ಲಿ ಅದರ ದೂರು ತುಂಬಿದೆ. ಯಾಕೆ ನಿಲ್ಲುತ್ತಿರಲಿಲ್ಲ ಎಂದು ನನಗಂತೂ ಆಶ್ಚರ್ಯವಿಲ್ಲ.

ಕರಿಮೆಣಸು

ಚರ್ಚೆ ಮತ್ತೆ ಉಳ್ಳವರ ಮನೆಗೆ ಹೋಯಿತು! ಕುಮುದ್ವತಿಯವರು ಕೇಳಿದ್ದು ಬೆನ್ನಿಗೆ ಬೆನ್ನು ಕೊಟ್ಟ ಮನೆಯ ಬಗ್ಗೆ. 1891ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸದ ಹೆಂಗಸರು 13 ಲಕ್ಷಕ್ಕೂ ಹೆಚ್ಚು, ಒಪ್ಪುತ್ತೇನೆ. ಆದರೆ ಆ ಹೆಂಗಸರು ಹುಟ್ಟಿ ಬಂದ ಮನೆಗಳಲ್ಲಿ ಇದ್ದಲು ಹೊತ್ತವರು ಯಾರು? ಅವರ ಅಮ್ಮಂದಿರು. ಹೊತ್ತವರ ಕಥೆ ಹೇಳುವಾಗಲೂ ಯಾರೋ ದೊಡ್ಡವರ ಮೆಟ್ಟಿಲೇ ಬೇಕೇ?

ಲೀಡ್ಸ್‌ನ ಆ ಮನೆಯಲ್ಲಿ ಕೆಳಗಿನ ಒಂದೇ ಕೋಣೆಯಲ್ಲಿ ಅಡುಗೆ, ಊಟ, ಸ್ನಾನ, ಹೊಲಿಗೆ ಎಲ್ಲವೂ. ಸತ್ತವರನ್ನು ಮಣ್ಣು ಮಾಡುವವರೆಗೆ ಮನೆಯಲ್ಲೇ ಇಡುವ ವಾಡಿಕೆ. ಬೇರೆ ಕೋಣೆ ಇದ್ದವರು ಅಲ್ಲಿ ಇಡುತ್ತಿದ್ದರು, ಇಲ್ಲದವರು ಉಣ್ಣುವ ಕೋಣೆಯಲ್ಲೇ. ಹೀಗೆ ಇಟ್ಟ ಪೆಟ್ಟಿಗೆಗಳಲ್ಲಿ ಚಿಕ್ಕವು ಬಹಳ. ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ಒಂದು ವರ್ಷ ತುಂಬುವ ಮುಂಚೆಯೇ ಸಾಯುತ್ತಿದ್ದವು, ರಾಣಿಯ ಆಳ್ವಿಕೆಯ ಕೊನೆಯವರೆಗೂ ಆ ಸಂಖ್ಯೆ ಹೆಚ್ಚು ಇಳಿಯಲಿಲ್ಲ. ಉದ್ದನೆಯ ರಬ್ಬರ್ ಕೊಳವೆಯ ಹಾಲಿನ ಬಾಟಲಿ ಆಗ ಹೊಸ ಅನುಕೂಲ. ಆ ಕೊಳವೆಯ ಒಳಗನ್ನು ತೊಳೆಯಲು ಸಾಧ್ಯವೇ ಇರಲಿಲ್ಲ. ಅಳುವ ಮಗುವಿಗೆ ಅಫೀಮು ಬೆರೆಸಿದ ‘ಗಾಡ್‌ಫ್ರೀಸ್ ಕಾರ್ಡಿಯಲ್’ ಕುಡಿಸಿ ಮಲಗಿಸಿ ತಾಯಿ ಗಿರಣಿಗೆ ಹೋಗಬೇಕಿತ್ತು.

ಸೋಮವಾರ ಬಟ್ಟೆ. ಭಾನುವಾರದ ಊಟದಲ್ಲಿ ಮಿಕ್ಕ ತಣ್ಣನೆಯ ಮಾಂಸವೇ ಆ ದಿನದ ಊಟ, ಅಡುಗೆಗೆ ಪುರುಸೊತ್ತಿಲ್ಲ. ಮೂಲೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಒಲೆ, ಅದರಲ್ಲಿ ಕೂರಿಸಿದ ತಾಮ್ರದ ಪಾತ್ರೆ, ಕೆಳಗೆ ಬೆಂಕಿ. ನಮ್ಮ ಹಳೆಯ ಮನೆಗಳ ಬಚ್ಚಲಲ್ಲಿ ಹೂತಿಟ್ಟ ಹಂಡೆಯನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ. ಅದರಲ್ಲಿ ಸೋಡಾ ಹಾಕಿ ಬಟ್ಟೆ ಕುದಿಸಿ, ತೊಟ್ಟಿಗೆ ಎತ್ತಿ ಹಾಕಿ, ಕಾಲುಗಳಿರುವ ಮರದ ಕೋಲಿನಿಂದ ತಿರುವಿ ತಿರುವಿ ಬಡಿದು, ಎರಡು ಉರುಳೆಗಳ ನಡುವೆ ತೂರಿಸಿ ಹಿಂಡಿ, ನೀಲಿ ಅದ್ದಿ, ಗಂಜಿ ಹಾಕಿ, ಮಂಗಳವಾರ ಇಸ್ತ್ರಿ. ನೀಲಿ ಎಂದಾಗ ನೆನಪಾಯಿತು, ನಮ್ಮ ಅಜ್ಜಿಯರು ಬಿಳಿ ಪಂಚೆಗೆ ಹಾಕುತ್ತಿದ್ದ ರಾಬಿನ್ ನೀಲಿಯೂ ಹಲ್ ಪಟ್ಟಣದ ರೆಕಿಟ್ ಕಂಪನಿಯದೇ. ಸಾಬೂನಿನ ಮೇಲಿನ ತೆರಿಗೆ ಹೋದದ್ದು 1853ರಲ್ಲಿ. ಅಲ್ಲಿಯವರೆಗೆ ಶುಭ್ರತೆಗೂ ಸುಂಕ.

ಸೋಮವಾರವೇ ಇನ್ನೊಂದು ಯಾತ್ರೆಯೂ ಇತ್ತು, ಗಿರವಿ ಅಂಗಡಿಗೆ. ಗಂಡನ ಭಾನುವಾರದ ಕೋಟನ್ನು ಸೋಮವಾರ ಅಡವಿಡುವುದು, ಶನಿವಾರ ಕೂಲಿ ಬಂದ ಮೇಲೆ ಬಿಡಿಸಿಕೊಳ್ಳುವುದು. ವಾರವಾರವೂ ಬಡ್ಡಿ ಕೊಟ್ಟು ತನ್ನ ಕೋಟನ್ನೇ ಕೊಂಡುಕೊಂಡ ಹಾಗೆ.

ಬೂದಿಮುಚ್ಚಿದ ಕೆಂಡ

ಕರಿಮೆಣಸು, ನಿಮ್ಮ ಮಾತು ನನ್ನ ಮಾತಿಗೆ ವಿರುದ್ಧವಲ್ಲ. ಉಳ್ಳವರ ಮನೆಯಲ್ಲಿ ದುಡಿಮೆಯನ್ನು ಬಚ್ಚಿಡಲು ಹಿಂಬದಿಯ ಮೆಟ್ಟಿಲು, ನೆಲಮಾಳಿಗೆಯ ಪ್ರತ್ಯೇಕ ಬಾಗಿಲು, ಕರೆಗಂಟೆಯ ತಂತಿ ಎಲ್ಲ ಇದ್ದವು. ಬಡವರ ಮನೆಯಲ್ಲಿ ಬಚ್ಚಿಡಲು ಜಾಗವೇ ಇರಲಿಲ್ಲ. ಆ ಬಚ್ಚಿಡುವಿಕೆಗಾಗಿಯೇ ವಾಸ್ತುಶಿಲ್ಪಿಗಳು ತಲೆ ಖರ್ಚು ಮಾಡಿದ್ದಾರೆ, ಅದಕ್ಕೇ ಅದರ ಬಗ್ಗೆ ಹೆಚ್ಚು ಬರೆದೆ.

ಮಲಗುವ ಕೋಣೆಯ ಪುಟ್ಟ ಅಗ್ಗಿಷ್ಟಿಕೆಗೂ ಯಾರೂ ಉತ್ತರ ಕೊಟ್ಟಿಲ್ಲ. ಅದನ್ನು ದಿನವೂ ಉರಿಸುತ್ತಿರಲಿಲ್ಲ. ಜ್ವರ ಬಂದಾಗ, ಬಾಣಂತನಕ್ಕೆ, ಅಷ್ಟೇ. ಉಳಿದ ದಿನ ಕಿಟಕಿಯ ಒಳಗಡೆಯೇ ಹಿಮದ ಹೂ ಕಟ್ಟುತ್ತಿತ್ತು.

ಪಡಸಾಲೆ

ಒಂದು ಸಣ್ಣ ಸಂದೇಹ. ಪಿಯಾನೋದ ಕಾಲುಗಳು ಅಸಭ್ಯವಾಗಿ ಕಾಣುತ್ತವೆ ಎಂದು ಅವಕ್ಕೂ ಬಟ್ಟೆ ತೊಡಿಸುತ್ತಿದ್ದರಂತೆ, ನಿಜವೇ?

ಓದುಗಮಿತ್ರ

ಕಟ್ಟುಕಥೆ. ಅದರ ಮೂಲ ಕ್ಯಾಪ್ಟನ್ ಮ್ಯಾರಿಯಟ್ ಎಂಬ ಇಂಗ್ಲಿಷ್ ಲೇಖಕ 1839ರಲ್ಲಿ ಪ್ರಕಟಿಸಿದ ಅಮೆರಿಕ ಪ್ರವಾಸದ ಬರಹ. ಅಲ್ಲಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹಾಗೆ ಕಂಡೆ ಎಂದು ಅಮೆರಿಕನ್ನರನ್ನು ಹಂಗಿಸಲು ಬರೆದದ್ದು. ಆಂಗ್ಲರು ನಕ್ಕರು. ಮುಂದಿನ ಶತಮಾನದವರು ಅದನ್ನೇ ತಿರುಗಿಸಿ ವಿಕ್ಟೋರಿಯಾ ಕಾಲದ ಆಂಗ್ಲರ ತಲೆಗೇ ಕಟ್ಟಿದರು. ಪಿಯಾನೋ ಮೇಲೆ ಬಟ್ಟೆ ಹಾಸುತ್ತಿದ್ದರು, ಕಲ್ಲಿದ್ದಲಿನ ಮಸಿ ಮತ್ತು ಧೂಳಿನ ಕಾಟಕ್ಕೆ.

ಕುಮುದ್ವತಿ

ಎಲ್ಲರಿಗೂ ಧನ್ಯವಾದ. ಓದುತ್ತ ಓದುತ್ತ ಒಂದು ಭಯ ಶುರುವಾಗಿದೆ. ಬೂಷ್ಟು ಕೆರೆಯುವಾಗ ಗೋಡೆಯ ಕಾಗದದ ಕೆಳಗೆ ಇನ್ನೊಂದು ಕಾಗದ, ಅದರ ಕೆಳಗೆ ಮತ್ತೊಂದು. ಕೊನೆಯ ಪದರದಲ್ಲಿ ಹಸಿರು ಎಲೆಗಳ ಚಿತ್ತಾರ. ಹಳೆಯ ಹಸಿರು ಬಣ್ಣದಲ್ಲಿ ವಿಷವಿರುತ್ತಿತ್ತು ಎಂದು ಎಲ್ಲೋ ಕೇಳಿದ್ದೆ.

ಓದುಗಮಿತ್ರ

ಇರುತ್ತಿತ್ತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆಯ ಹೆಸರಿನ ಹಸಿರು ತಾಮ್ರ ಮತ್ತು ಆರ್ಸೆನಿಕ್ ಸೇರಿದ್ದು. ಗೋಡೆಕಾಗದ, ಕೃತಕ ಹೂ, ಉಡುಪು, ಕೆಲವೊಮ್ಮೆ ಮಿಠಾಯಿಯಲ್ಲೂ ಇರುತ್ತಿತ್ತು. 1862ರಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಂದೇ ಮನೆಯ ಮಕ್ಕಳು ಒಂದರ ಹಿಂದೊಂದು ಸತ್ತಾಗ ಅಲ್ಲಿಯ ವೈದ್ಯರು ಬೆರಳು ತೋರಿಸಿದ್ದು ಹಸಿರು ಕಾಗದದತ್ತ. ಗೋಡೆಕಾಗದಕ್ಕೇ ಹೆಸರಾದ ವಿಲಿಯಂ ಮಾರಿಸ್ ಆರ್ಸೆನಿಕ್ ಭಯವನ್ನು ವೈದ್ಯರ ಭ್ರಮೆ ಎಂದು ತಳ್ಳಿಹಾಕಿದ್ದ. ಡೆವನ್‌ನಲ್ಲಿ ಆರ್ಸೆನಿಕ್ ತೆಗೆಯುತ್ತಿದ್ದ ಗಣಿ ಕಂಪನಿಯಲ್ಲಿ ಅವನ ಕುಟುಂಬಕ್ಕೆ ಪಾಲಿತ್ತು, ಕೆಲವು ವರ್ಷ ಅವನೇ ನಿರ್ದೇಶಕನಾಗಿದ್ದ. ಆ ನಿರ್ದೇಶಕತನ ಅವನು ಸಮಾಜವಾದಿ ಭಾಷಣ ಮಾಡತೊಡಗುವ ಮುಂಚಿನದು. ಬ್ರಿಟನ್ ಇಂಥ ಕಾಗದವನ್ನು ಕಾನೂನಿನಿಂದ ನಿಷೇಧಿಸಲೇ ಇಲ್ಲ. ಕೊಳ್ಳುವವರು ಹೆದರಿ ಕೇಳತೊಡಗಿದ ಮೇಲೆ ತಯಾರಕರೇ ‘ಆರ್ಸೆನಿಕ್ ಇಲ್ಲ’ ಎಂದು ಜಾಹೀರಾತು ಕೊಟ್ಟು ಮಾರಿದರು.

ಗಾರೆಕಾರ

1890ರ ಹೊತ್ತಿಗೆ ಆ ಹಸಿರು ಬಹುಮಟ್ಟಿಗೆ ಮಾರುಕಟ್ಟೆ ಬಿಟ್ಟಿತ್ತು, ಆದ್ದರಿಂದ ನಿಮ್ಮ ಎಲೆಗಳು ನಿರುಪದ್ರವಿ ಆಗಿರುವ ಸಂಭವವೇ ಹೆಚ್ಚು. ಆದರೂ ಪರೀಕ್ಷೆ ಮಾಡಿಸದೆ ಒಣಗಿದ ಕಾಗದವನ್ನು ಕೆರೆಯಬೇಡಿ. ಅದಕ್ಕಿಂತ ದೊಡ್ಡ ಅಪಾಯ ಬಾಗಿಲು, ಕಿಟಕಿಗಳ ಹಳೆಯ ಬಣ್ಣದಲ್ಲಿರುವ ಸೀಸ. ಉಪ್ಪುಕಾಗದ ಹಾಕಿ ಉಜ್ಜಲೇಬೇಡಿ. ಮನೆಯಲ್ಲಿ ಮಗು ಇದ್ದರೆ ಮಾಲೀಕರಿಗೆ ಇದನ್ನು ಬರಹದಲ್ಲೇ ತಿಳಿಸಿ.

ಕಾವೇರಿಕೂಗು

ದೀಪದ ಬಗ್ಗೆ ಒಬ್ಬರೂ ಬರೆಯಲಿಲ್ಲವಲ್ಲ. ಕುಮುದ್ವತಿಯವರ ಮನೆ ಕಟ್ಟಿದ ಕಾಲಕ್ಕೆ ಬಡವರ ಮನೆಗೂ ಗ್ಯಾಸ್ ಬರತೊಡಗಿತ್ತು. ಮೀಟರಿನ ಕಿಂಡಿಗೆ ಒಂದು ಪೆನ್ನಿ ನಾಣ್ಯ ಹಾಕಿದರೆ ಅಷ್ಟು ಹೊತ್ತು ಉರಿ, ಮುಗಿದರೆ ಕತ್ತಲು. ಅದಕ್ಕೂ ಮುಂಚೆ ಮಧ್ಯಮ ವರ್ಗದವರ ಮನೆಗಳಲ್ಲಿ ಬೀಸಣಿಗೆಯಂತೆ ಹರಡಿ ಉರಿಯುವ ಬರಿಯ ಜ್ವಾಲೆ. ಚಾವಣಿ ಕಪ್ಪಾಗುತ್ತಿತ್ತು, ತಲೆ ನೋಯುತ್ತಿತ್ತು, ಕುಂಡದ ಗಿಡಗಳು ಸಾಯುತ್ತಿದ್ದವು. ಸಾಯದೆ ಉಳಿದ ಆಸ್ಪಿಡಿಸ್ಟ್ರಾ ಎಂಬ ಗಿಡ ಮನೆಮನೆಗೂ ಬಂತು. ಆಸ್ಟ್ರಿಯಾದ ವೆಲ್ಸ್‌ಬಾಖ್ 1885ರಲ್ಲಿ ಕಂಡುಹಿಡಿದ ಬಲೆಯಂಥ ಮ್ಯಾಂಟಲ್ ಬಂದ ಮೇಲೆ ಬೆಳಕು ಬೆಳ್ಳಗಾಯಿತು. ನಮ್ಮಲ್ಲಿ ಪೆಟ್ರೋಮ್ಯಾಕ್ಸ್ ಹಿಡಿದು ಮದುವೆ ಮೆರವಣಿಗೆ ನೋಡಿದವರಿಗೆ ಆ ಬೆಳಕು ಗೊತ್ತು.

ವಿದ್ಯುತ್ತು ಆಗ ಶ್ರೀಮಂತರ ಹವ್ಯಾಸ. ನಾರ್ತಂಬರ್ಲೆಂಡ್‌ನ ಕ್ರ್ಯಾಗ್‌ಸೈಡ್ ಎಂಬ ತನ್ನ ಬಂಗಲೆಯಲ್ಲಿ ಕೈಗಾರಿಕೋದ್ಯಮಿ ವಿಲಿಯಂ ಆರ್ಮ್‌ಸ್ಟ್ರಾಂಗ್ ತನ್ನ ಕೆರೆಯ ನೀರಿನಿಂದ ವಿದ್ಯುತ್ ತೆಗೆದು 1880ರಲ್ಲಿ ಜೋಸೆಫ್ ಸ್ವಾನ್ ರೂಪಿಸಿದ ಬಲ್ಬುಗಳನ್ನು ಉರಿಸಿದ. ಬೆಂಗಳೂರಿಗೆ ಶಿವನಸಮುದ್ರದಿಂದ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಆಗ ಲೀಡ್ಸ್‌ನ ಎಷ್ಟೋ ಕಾರ್ಮಿಕರ ಮನೆಗಳಲ್ಲಿ ಇನ್ನೂ ಪೆನ್ನಿ ಮೀಟರೇ. ಇದೇ ಕಾಲದ ಎರಕದ ಕಬ್ಬಿಣದ ಕೆಲಸ ನೋಡಲು ನೀವು ಊರಿಗೆ ಬಂದಾಗ ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದರೂ ಆದೀತು. ಆ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಾರ್ಖಾನೆಯವು.

ಕರಿಮೆಣಸು

ಚಿಮಣಿಗಳ ಮಾತು ಇಷ್ಟು ಬಂತು, ಒಳಗೆ ಹತ್ತಿ ಗುಡಿಸಿದ ಹುಡುಗರ ಮಾತು ಬರಲೇ ಇಲ್ಲ. ಮಕ್ಕಳನ್ನು ಚಿಮಣಿಗೆ ಹತ್ತಿಸಬಾರದೆಂದು 1840ರಲ್ಲಿ ಕಾನೂನು, 1864ರಲ್ಲಿ ಮತ್ತೊಂದು. ಉದ್ದ ಹಿಡಿಯ ಬ್ರಷ್ಷೂ ಇತ್ತು. ಆದರೂ 1875ರಲ್ಲಿ ಕೇಂಬ್ರಿಜ್ ಬಳಿಯ ಫುಲ್ಬೋರ್ನ್ ಆಸ್ಪತ್ರೆಯ ಹೊಗೆದಾರಿಯಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ 11 ವರ್ಷದ ಹುಡುಗ ಸಿಕ್ಕಿಹಾಕಿಕೊಂಡ. ಗೋಡೆ ಒಡೆದು ತೆಗೆದರೂ ಉಳಿಯಲಿಲ್ಲ. ಅವನ ಧಣಿಗೆ ಆರು ತಿಂಗಳ ಶಿಕ್ಷೆಯಾಯಿತು. ಅದೇ ವರ್ಷ ಪರವಾನಗಿ ಇಲ್ಲದೆ ಯಾರೂ ಚಿಮಣಿ ಗುಡಿಸುವಂತಿಲ್ಲ, ಪೊಲೀಸರು ನೋಡಿಕೊಳ್ಳಬೇಕು ಎಂಬ ಕಾಯಿದೆ ಬಂತು. ಆಮೇಲಷ್ಟೇ ನಿಂತಿತು. ನಯವಾದ ಅಮೃತಶಿಲೆಯ ಅಗ್ಗಿಷ್ಟಿಕೆಯ ಚಿತ್ರಕ್ಕೆ ಮೆಚ್ಚುಗೆ ಒತ್ತುವವರು ಇದನ್ನೂ ಓದಲಿ.

ಗಾರೆಕಾರ

ಈಗ ಬೂಷ್ಟು. ನಿಮ್ಮ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ನಡುವೆ ಟೊಳ್ಳಿಲ್ಲ. ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ಮಳೆ ಬಿದ್ದಾಗ ಅದು ನೀರು ಕುಡಿಯುತ್ತದೆ, ಬಿಸಿಲು ಗಾಳಿ ಬಂದಾಗ ಬಿಟ್ಟುಕೊಡುತ್ತದೆ. ಒಳಗೆ ಸದಾ ಉರಿಯುವ ಒಲೆ, ಹೊಗೆದಾರಿಯಲ್ಲಿ ಸದಾ ಮೇಲೇರುವ ಗಾಳಿ, ಸಂದುಗೊಂದುಗಳ ಕಿಟಕಿ, ಇವೆಲ್ಲ ಸೇರಿ ಮನೆಯನ್ನು ಒಣಗಿಸುತ್ತಿದ್ದವು. ಆಮೇಲೆ ಬಂದವರು ಹೊರಗೆ ಸಿಮೆಂಟು ಮೆತ್ತಿದರು, ಒಳಗೆ ಪ್ಲಾಸ್ಟಿಕ್ ಬಣ್ಣ ಬಳಿದರು, ಅಗ್ಗಿಷ್ಟಿಕೆಗೆ ಹಲಗೆ ಹೊಡೆದರು, ನೆಲದ ಕೆಳಗೆ ಗಾಳಿಯಾಡಲು ಬಿಟ್ಟ ರಂಧ್ರದ ಇಟ್ಟಿಗೆಗಳನ್ನು ಚಳಿ ಬರುತ್ತದೆಂದು ಮುಚ್ಚಿದರು. ಒಳಗೆ ಸೇರಿದ ತೇವಕ್ಕೆ ಹೊರಹೋಗುವ ದಾರಿ ಉಳಿಯಲಿಲ್ಲ. ಇನ್ನೊಂದು ಪದರ ಬಣ್ಣ ಬಳಿದರೆ ಆರು ತಿಂಗಳಲ್ಲಿ ಅದೂ ಹಪ್ಪಳದಂತೆ ಏಳುತ್ತದೆ.

ಹೊರಗಿನ ಗಾರೆಯ ಕೆಲಸ ಮಾಲೀಕರದು. ಸಂದುಗಳಲ್ಲಿ ಬೂದುಬಣ್ಣದ ಗಟ್ಟಿ ಸಿಮೆಂಟು ಕಂಡರೆ ಚಿತ್ರ ತೆಗೆದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ಆಗುವುದು: ಮುಂಬಾಗಿಲ ಪಕ್ಕ ನೆಲಮಟ್ಟದಲ್ಲಿ ಮುಚ್ಚಿಹೋದ ಜಾಲರಿ ಇದೆಯೇ ನೋಡಿ ಬಿಡಿಸಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ.

ಕುಮುದ್ವತಿ

ಜಾಲರಿ ಸಿಕ್ಕಿತು. ಯಾರೋ ಹಳೆಯ ಕಾಲುಚೀಲ ತುರುಕಿ ಮೇಲೆ ಸಿಮೆಂಟು ಮೆತ್ತಿದ್ದಾರೆ! ಮೇಲಿನ ಕಿಟಕಿ ಮೇಲಕ್ಕೂ ಕೆಳಕ್ಕೂ ಸರಿಯುವಂಥದ್ದು, ಆದರೆ ಮೇಲಿನ ಅರ್ಧ ಅಲುಗುವುದಿಲ್ಲ.

ಗಾರೆಕಾರ

ಬಣ್ಣ ಹಿಡಿದು ಅಂಟಿಕೊಂಡಿರುತ್ತದೆ. ಆ ಕಿಟಕಿಯ ಜಾಣತನ ಇರುವುದೇ ಎರಡೂ ಅರ್ಧ ಸರಿಯುವುದರಲ್ಲಿ. ಮೇಲಿನದನ್ನು ಎರಡು ಇಂಚು ಇಳಿಸಿ, ಕೆಳಗಿನದನ್ನು ಎರಡು ಇಂಚು ಏರಿಸಿದರೆ ಬಿಸಿಗಾಳಿ ಮೇಲಿನಿಂದ ಹೊರಟು ತಂಪುಗಾಳಿ ಕೆಳಗಿನಿಂದ ಬರುತ್ತದೆ. ಬಲವಂತ ಮಾಡಬೇಡಿ, ಚೌಕಟ್ಟಿನೊಳಗೆ ಹಗ್ಗಕ್ಕೆ ತೂಗುಬಿಟ್ಟ ಕಬ್ಬಿಣದ ಗುಂಡುಗಳಿವೆ, ಹಳೆಯ ಹಗ್ಗ ಹರಿದರೆ ಗಾಜು ಧಡಕ್ಕನೆ ಇಳಿದು ಬೆರಳಿಗೆ ಬೀಳುತ್ತದೆ. ಆ ಬಣ್ಣದಲ್ಲೂ ಸೀಸ ಇರಬಹುದು, ಆದ್ದರಿಂದ ನೀವೇ ಚಾಕು ಹಾಕಿ ಬಿಡಿಸಲು ಹೋಗಬೇಡಿ. ಹಳೆಯ ಕಿಟಕಿ ಸರಿಪಡಿಸುವ ಬಡಗಿಯನ್ನು ಕಳಿಸಲು ಮಾಲೀಕರಿಗೆ ಹೇಳಿ, ಬದಲಿಸಿ ಪ್ಲಾಸ್ಟಿಕ್ ಕಿಟಕಿ ಹಾಕುತ್ತೇನೆ ಎಂದರೆ ಒಪ್ಪಬೇಡಿ.